ಅಂಗಿಗೆ ಮೀನಿನ ನೀರು ಬೀಳಬಾರದು ಅಂತ ಹಿಂದೆ ಉಳಿದೆ, ಬಚಾವಾದೆ (ಕಟಪಾಡಿ–ಪಾಂಗಾಳ, ಹೆದ್ದಾರಿ 66)

ಅಂಬಲಪಾಡಿ ರೈಡರ್ · ಭಾನುವಾರ, ರಾತ್ರಿ 9:10

ಕೈ ನಡುಕ ಈಗ ನಿಂತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಇವತ್ತು ಸುರತ್ಕಲ್‌ನಲ್ಲಿ ಅಕ್ಕನ ಮಗಳ ಸೀಮಂತ. ಹೆಂಡತಿ, ಮಗ ನಿನ್ನೆಯೇ ಹೋಗಿದ್ದರು. ನಾನು ಬೆಳಿಗ್ಗೆ ಹತ್ತೂವರೆಗೆ ಬೈಕಿನಲ್ಲಿ ಒಬ್ಬನೇ ಹೊರಟೆ. ರಾತ್ರಿಯಿಡೀ ಮಳೆ ಬಂದಿತ್ತು, ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ರಸ್ತೆ ಅರ್ಧ ಒಣಗಿದೆ, ಅರ್ಧ ಒದ್ದೆ. ರೈನ್‌ಕೋಟ್ ಬ್ಯಾಗಿನಲ್ಲಿಟ್ಟೆ. ಮೈಮೇಲೆ ಹೊಸ ಅಂಗಿ, ಬಿಳಿ. ಅಂಗಿಯ ವಿಷಯ ಸುಮ್ನೆ ಹೇಳುತ್ತಿಲ್ಲ, ಕತೆ ನಿಂತಿರುವುದೇ ಅದರ ಮೇಲೆ.

ಕಟಪಾಡಿ ದಾಟಿದ ಮೇಲೆ ಎದುರಿಗೆ ಒಂದು ಮೀನಿನ ಲಾರಿ ಸಿಕ್ಕಿತು. ಮಲ್ಪೆಯಿಂದ ಬಂದದ್ದೇ ಇರಬೇಕು. ಹಿಂದಿನ ಮೂಲೆಯಿಂದ ನೀರು ಸುರಿಯುತ್ತಿತ್ತು. ನಾನು ಅರುವತ್ತರಲ್ಲಿದ್ದೆ, ಅದರ ಬೆನ್ನಿಗೇ ಇದ್ದೆ. ಬಲದ ಲೇನಿನಲ್ಲಿ ಮಂಗಳೂರು ಕಡೆ ಖಾಲಿ ಟ್ಯಾಂಕರುಗಳ ಸಾಲು ಹೋಗುತ್ತಿತ್ತು, ಓವರ್‌ಟೇಕ್ ಮಾಡಲು ಜಾಗ ಇಲ್ಲ. ಅಷ್ಟರಲ್ಲಿ ಹೆಲ್ಮೆಟ್ ಗಾಜಿನ ಮೇಲೆ ಎರಡು ಹನಿ ಬಿತ್ತು. ಬೂತಾಯಿ ಮೀನಿನ ವಾಸನೆ. ಸೀಮಂತದ ಮನೆಗೆ ಬೂತಾಯಿ ಪರಿಮಳ ಹೊತ್ತುಕೊಂಡು ಹೋದರೆ ಅಕ್ಕ ಬಾಗಿಲಲ್ಲೇ ನಿಲ್ಲಿಸುತ್ತಾಳೆ. 'ಹೋಗು ಮಾರಾಯ ನೀನು ಮುಂದೆ' ಅಂತ ಲಾರಿಯನ್ನು ಬಿಟ್ಟುಬಿಟ್ಟೆ. ಸ್ಪೀಡ್ ನಲುವತ್ತೈದಕ್ಕೆ ಇಳಿಸಿದೆ. ಹಿಂದಿದ್ದ ಎಕ್ಸ್‌ಪ್ರೆಸ್ ಬಸ್ಸಿನವ ಹಾರ್ನ್ ಹೊಡೆದ. ನಾನು ಕೇರ್ ಮಾಡಲಿಲ್ಲ.

ಟ್ಯಾಂಕರುಗಳ ಸಾಲು ಮುಗಿಯಿತು. ಪಾಂಗಾಳ ಸೇತುವೆ ಇನ್ನೂ ಬಂದಿರಲಿಲ್ಲ. ಲಾರಿ ಬಲದ ಇಂಡಿಕೇಟರ್ ಹಾಕಿ ಬಲಕ್ಕೆ ಸರಿಯಿತು. ನನಗೆ ಸೈಡ್ ಕೊಡುತ್ತಿದ್ದಾನೆ ಅಂದುಕೊಂಡೆ. ಲಾರಿ ಖಾಲಿ ಮಾಡಿದ ಜಾಗದಲ್ಲಿ ನೋಡಿದರೆ ಒಂದು ಸ್ಕೂಟರ್, ಮುಖ ನನ್ನ ಕಡೆಗೆ. ರಾಂಗ್ ಸೈಡ್. ಕಾಲ ಮಧ್ಯೆ ದೊಡ್ಡ ಚೀಲ.

ಆಮೇಲಿನದು ತುಂಡು ತುಂಡು ನೆನಪು. ಮುಂದಿನ ಬ್ರೇಕ್ ಹಿಡಿದೆ. ಹಿಂದಿನ ಬ್ರೇಕ್ ಮೇಲೆ ಹತ್ತಿಯೇ ನಿಂತೆ ಅನ್ನಬಹುದು. ನನ್ನದು 150 ಸಿಸಿ ಗಾಡಿ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ) ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರ ಲಾಕ್ ಆಗಿ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಹೋಯಿತು. ಬೈಕ್ ರಸ್ತೆಗೆ ಅಡ್ಡವಾಗಿ ನಿಂತಿತು. ಬೀಳಲಿಲ್ಲ, ಯಾಕೆ ಬೀಳಲಿಲ್ಲ ಅಂತ ನನಗೇ ಗೊತ್ತಿಲ್ಲ. ಸ್ಕೂಟರಿನವರು ಮಣ್ಣಿಗೆ ಇಳಿಸಿದರು, ಕೆಸರಿನಲ್ಲಿ ಮೆಲ್ಲಗೆ ಮಗುಚಿದರು. ಇಬ್ಬರ ನಡುವೆ ಉಳಿದದ್ದು ಒಂದು ಮಾರು. ಆಮೇಲೆ ಎರಡೂ ಕೈ ಚಾಚಿ ಅಳತೆ ಮಾಡಿ ನೋಡಿದೆ, ನಿಜವಾಗಿ ಒಂದೇ ಮಾರು.

ಹಿಂದೆ ತಿರುಗಿದರೆ ಬಸ್ಸಿನ ಮುಖ. ನಿಂತಿತ್ತು. ಎರಡೂ ಲೇನಿಗೆ ಅಡ್ಡವಾಗಿ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು. ಕಂಡಕ್ಟರ್ ಹಾರಿ ಬಂದು ಮೊದಲು ನನ್ನ ಬೈಕನ್ನು ಪಕ್ಕಕ್ಕೆ ತಳ್ಳಿದ, ಆಮೇಲೆ ಸ್ಕೂಟರಿನವರನ್ನು ಎಬ್ಬಿಸಿದ. ಚೀಲದಿಂದ ಮಲ್ಲಿಗೆ ಚೆಲ್ಲಿತ್ತು. ಶಂಕರಪುರ ಮಲ್ಲಿಗೆ, ಬಾಳೆ ನಾರಿನಲ್ಲಿ ಕಟ್ಟಿದ್ದು. ರಸ್ತೆ ತುಂಬ ಮೀನಿನ ನೀರು, ಅದರ ಮೇಲೆ ಮಲ್ಲಿಗೆ. ಆ ಎರಡು ವಾಸನೆ ಒಟ್ಟಿಗೆ ಬಂದದ್ದು ಇನ್ನೂ ಮೂಗಿನಲ್ಲಿ ಉಂಟು. ಊಟಕ್ಕೆ ಕೂತಾಗಲೂ ಅದೇ.

ಒಂದು ವಿಚಿತ್ರ. ಕಂಡಕ್ಟರ್ ಆ ಹೂವಿನ ಚೀಲವನ್ನು ಎತ್ತಿಕೊಂಡು, ಒಂದು ಮಾತೂ ಆಡದೆ ಬಸ್ ಹತ್ತಿದ. ಬಸ್ ಹೋಯಿತು. ನನಗೆ ಅರ್ಥವೇ ಆಗಲಿಲ್ಲ.

ಸ್ಕೂಟರಿನವರಿಗೆ ಮೊಣಕೈ ತರಚಿದೆ, ಬೇರೇನಿಲ್ಲ. ನನಗೆ ಅಂಗಿ ತುಂಬ ಕೆಂಪು ಮಣ್ಣು. ಕೇಳಬೇಕಾದ್ದು ಇಷ್ಟೇ. ಆ ಹೊತ್ತಿಗೆ ನಾನು ಬೇರೆ ಏನು ಮಾಡಬೇಕಿತ್ತು?

---

ಕುಡ್ಲ ಬುಲೆಟ್ · ಭಾನುವಾರ, ರಾತ್ರಿ 9:24

ದೇವರು ದೊಡ್ಡವನು ಮಾರಾಯ್ರೆ. ಆದರೆ ಈ ರಾಂಗ್ ಸೈಡ್ ಜನರನ್ನು ಬಿಡಬಾರದು. ವಿಡಿಯೋ ಉಂಟಾ? ಇಲ್ಲದಿದ್ದರೆ ಸ್ಕೂಟರ್ ನಂಬರ್ ಇಲ್ಲಿ ಹಾಕಿ. ಮೀನಿನ ಲಾರಿದ್ದೂ ಹಾಕಿ. ಒಂದೇ ದಿನದಲ್ಲಿ ಇಡೀ ಜಿಲ್ಲೆಗೆ ಗೊತ್ತಾಗುತ್ತದೆ.

---

ಫೋರಂ ನಿರ್ವಾಹಕ · ಭಾನುವಾರ, ರಾತ್ರಿ 9:31

ಗಾಡಿ ನಂಬರ್, ಫೋಟೋ, ಮನೆ ಎಲ್ಲಿ ಅನ್ನುವುದು ಇಲ್ಲಿ ಬೇಡ. ದೂರು ಕೊಡುವುದಿದ್ದರೆ ಪೊಲೀಸ್ ಠಾಣೆ ಉಂಟು, 112 ಉಂಟು. ಚರ್ಚೆ ಮುಂದುವರಿಸಿ.

---

ಅಂಬಲಪಾಡಿ ರೈಡರ್ · ಭಾನುವಾರ, ರಾತ್ರಿ 9:35

ಕ್ಯಾಮೆರಾ ಇಲ್ಲ. ನಂಬರ್ ನೋಡಲೂ ಇಲ್ಲ. ಆ ಹೊತ್ತಿನಲ್ಲಿ ನನ್ನ ಗಾಡಿಯ ನಂಬರ್ ಕೇಳಿದ್ದರೂ ಹೇಳಲು ಆಗುತ್ತಿರಲಿಲ್ಲ.

---

ಪಡುಬಿದ್ರೆ ಪಯಣಿಗ · ಭಾನುವಾರ, ರಾತ್ರಿ 9:52

ಬಚಾವಾದದ್ದು ಸಂತೋಷ. ಒಂದು ಕಹಿ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಬೇಡಿ.

'ಸೈಡ್ ಕೊಡುತ್ತಿದ್ದಾನೆ ಅಂದುಕೊಂಡೆ' ಅಂತ ಬರೆದಿದ್ದೀರಿ. ಲಾರಿ ಬಲಕ್ಕೆ ಹೋದರೆ ನಿಮಗೆ ಸಿಕ್ಕುವುದು ಎಡ. ಅಂದರೆ ಎಡದಿಂದ ನುಗ್ಗಲು ತಯಾರಾಗಿದ್ದಿರಿ ಅಲ್ವಾ? ಲಾರಿ ಯಾಕೆ ಬಲಕ್ಕೆ ಹೋಯಿತು ಅಂತ ಒಂದು ಕ್ಷಣ ಯೋಚಿಸಿದ್ದೀರಾ? ಖಾಲಿ ರಸ್ತೆಯಲ್ಲಿ ಲೋಡ್ ಲಾರಿಯವ ಸುಮ್ನೆ ಸ್ಟಿಯರಿಂಗ್ ತಿರುಗಿಸುವುದಿಲ್ಲ. ಎದುರಿಗೆ ಏನೋ ಇದ್ದೇ ಇರುತ್ತದೆ. ಹೊಂಡ, ದನ, ನಿಂತ ಗಾಡಿ, ಇಲ್ಲದಿದ್ದರೆ ಇಂಥ ಸ್ಕೂಟರ್.

ರಾಂಗ್ ಸೈಡಿನವರದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲೇ ಬರೆದಿದೆ, ಎದುರು ದಿಕ್ಕಿನಲ್ಲಿ ಓಡಿಸುವುದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ ಜೈಲೂ ಆಗಬಹುದು. ಆದರೆ ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಸೆಕ್ಷನ್ ನಂಬರ್ ಹಿಡಿದು ಏನು ಮಾಡುವುದು?

---

ಅಂಬಲಪಾಡಿ ರೈಡರ್ · ಭಾನುವಾರ, ರಾತ್ರಿ 10:05

ಬೇಜಾರಿಲ್ಲ. ಹೌದು, ಎಡದಿಂದ ಹೋಗುವ ಅಂತಲೇ ಇದ್ದೆ. ಆಕ್ಸಿಲರೇಟರ್ ತಿರುಗಿಸಲು ಕೈ ರೆಡಿ ಇತ್ತು. ನೆಲದ ಮೇಲೆ ಮೀನಿನ ನೀರಿನ ಗೆರೆ ಕಂಡಿತು, ಅದರ ಮೇಲೆ ಹೋದರೆ ಎರಚುತ್ತದೆ ಅಂತ ಒಂದು ಗಳಿಗೆ ತಡೆದೆ. ಆ ಒಂದು ಗಳಿಗೆಯಲ್ಲೇ ಸ್ಕೂಟರ್ ಕಂಡದ್ದು. ಎಚ್ಚರದಿಂದ ಉಳಿದೆ ಅಂತ ಹೇಳಿಕೊಳ್ಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಅಂಗಿಯ ಆಸೆ ಅಷ್ಟೇ.

---

ಮಣಿಪಾಲ ಮಾಷ್ಟ್ರು · ಭಾನುವಾರ, ರಾತ್ರಿ 10:40

ನಾನು ಭೌತಶಾಸ್ತ್ರ ಪಾಠ ಮಾಡುವವನು. ನಿಮ್ಮ ಪೋಸ್ಟ್ ಓದಿ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ರಜೆಯ ದಿನವೂ ಬುದ್ಧಿ ಬಿಡುವುದಿಲ್ಲ.

ಗಂಟೆಗೆ 45 ಕಿ.ಮೀ. ಅಂದರೆ ಸೆಕೆಂಡಿಗೆ 12.5 ಮೀಟರ್. 60 ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಕಣ್ಣು ನೋಡಿ, ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಒದ್ದೆ ರಸ್ತೆಯಲ್ಲಿ ಬ್ರೇಕ್ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 4 ಮೀಟರ್‌ನಷ್ಟು ವೇಗ ತಗ್ಗಿಸುತ್ತದೆ ಅಂತಲೂ ಇಟ್ಟುಕೊಳ್ಳಿ. ಮೀನಿನ ನೀರಿದ್ದರೆ ಇದಕ್ಕಿಂತ ಕಮ್ಮಿ, ಅದು ಬಿಡಿ.

45ರಲ್ಲಿ ಬಂದವನು: ಯೋಚಿಸುವಾಗ 12.5 ಮೀಟರ್, ಬ್ರೇಕಿನಲ್ಲಿ ಸುಮಾರು 19.5. ಒಟ್ಟು 32 ಮೀಟರಿನಲ್ಲಿ ನಿಂತ.

60ರಲ್ಲಿ ಬಂದವನು: ಯೋಚಿಸುವಾಗ 16.7, ಬ್ರೇಕಿನಲ್ಲಿ 34.7. ಒಟ್ಟು 51 ಮೀಟರಿಗಿಂತ ಸ್ವಲ್ಪ ಜಾಸ್ತಿ.

ಮಜಾ ಮುಂದೆ ಉಂಟು. ನೀವು ನಿಂತ 32ನೇ ಮೀಟರಿನಲ್ಲಿ ಆ 60ರವನ ವೇಗ ಎಷ್ಟಿರುತ್ತದೆ? ನಾನು ಎರಡು ಸಲ ಲೆಕ್ಕ ಹಾಕಿದೆ. ಗಂಟೆಗೆ ಹತ್ತಿರ ಹತ್ತಿರ 45 ಕಿ.ಮೀ. ಬ್ರೇಕ್ ಹಿಡಿಯುವ ಮೊದಲು ನೀವಿದ್ದ ಪೂರ್ತಿ ವೇಗ! ನೀವು ನಿಂತು ಉಸಿರು ಬಿಡುವ ಜಾಗದಲ್ಲಿ ಅವನು 45ರಲ್ಲಿ ಸ್ಕೂಟರಿಗೆ ಗುದ್ದುತ್ತಾನೆ. ಬರೀ 15 ಕಿ.ಮೀ. ವ್ಯತ್ಯಾಸಕ್ಕೆ. ವೇಗದ ವರ್ಗದ ಲೆಕ್ಕದಲ್ಲಿ ಬ್ರೇಕಿನ ದೂರ ಬೆಳೆಯುತ್ತದೆ ಅಂತ ಮಕ್ಕಳಿಗೆ ಬೋರ್ಡಿನಲ್ಲಿ ಬರೆದರೆ ಆಕಳಿಸುತ್ತಾರೆ. ಇನ್ನು ಮುಂದೆ ನಿಮ್ಮ ಅಂಗಿಯ ಕತೆ ಹೇಳುತ್ತೇನೆ, ಅಡ್ಡಿಯಿಲ್ಲ ಅಲ್ವಾ?

ಇದರ ಮೇಲೆ ಸ್ಕೂಟರಿನವರೂ ನಿಮ್ಮ ಕಡೆಗೇ ಬರುತ್ತಿದ್ದರು. ಅವರು 25ರಲ್ಲಿದ್ದರೂ ನಿಮ್ಮಿಬ್ಬರ ನಡುವಿನ ಜಾಗ 70ರ ಲೆಕ್ಕದಲ್ಲಿ ಕರಗುತ್ತಿತ್ತು.

---

ಅಂಬಲಪಾಡಿ ರೈಡರ್ · ಭಾನುವಾರ, ರಾತ್ರಿ 10:48

ಮಾಷ್ಟ್ರೇ, ಇದನ್ನು ಹೆಂಡತಿಗೆ ತೋರಿಸಿದೆ. ತಪ್ಪಾಯಿತು. ಈಗ ಬೈಕ್ ಮಾರುವ ಮಾತು ಶುರುವಾಗಿದೆ.

---

ಐಸ್ ಬಾಕ್ಸ್ · ಸೋಮವಾರ, ಬೆಳಿಗ್ಗೆ 5:15

ನಾನು ಮೀನಿನ ಗಾಡಿ ಓಡಿಸುವವ. ಮಲ್ಪೆಯಿಂದ ಕೇರಳಕ್ಕೆ, ಹನ್ನೊಂದು ವರ್ಷ ಆಯಿತು. ಎಲ್ಲರೂ ನಮಗೆ ಬೈಯುತ್ತಾರೆ, ಬೈಯಿರಿ, ಅರ್ಧ ಸರಿಯೇ. ಉಳಿದರ್ಧ ಕೇಳಿ.

ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನ ನಿಷೇಧ. ಆ ಎರಡು ತಿಂಗಳು ನಮಗೆ ಕೆಲಸ ಕಮ್ಮಿ, ರಸ್ತೆಯೂ ಕ್ಲೀನ್. ಆಗಸ್ಟ್ ಬಂತು, ಬೋಟ್ ಇಳಿಯಿತು, ಒಮ್ಮೆಲೇ ಲೋಡ್. ಮಳೆಯೂ ಮುಗಿದಿರುವುದಿಲ್ಲ. ಮೀನು, ಐಸ್ ಒಂದರ ಮೇಲೊಂದು ತುಂಬಿಸುತ್ತೇವೆ. ಐಸ್ ಕರಗಲೇಬೇಕು, ಕರಗಿದರೇನೇ ಮೀನು ತಣ್ಣಗಿರುವುದು. ಆ ನೀರಿನಲ್ಲಿ ರಕ್ತ, ಬೂತಾಯಿಯ ಎಣ್ಣೆ ಎಲ್ಲ ಇರುತ್ತದೆ. ಬರೀ ಮಳೆ ನೀರಿನ ಹಾಗಲ್ಲ ಅದು. ಕೈಗೆ ತಾಗಿದರೆ ಸೋಪು ಹಾಕಿದರೂ ಜಾರು ಹೋಗುವುದಿಲ್ಲ.

ನೀರು ಹಿಡಿಯುವ ಟ್ಯಾಂಕ್ ಇಡಬೇಕು. ನನ್ನ ಗಾಡಿಗೆ ಉಂಟು. ತುಂಬಿದಾಗ ಎಲ್ಲಿ ಖಾಲಿ ಮಾಡುವುದು? ಪೆಟ್ರೋಲ್ ಬಂಕಿನವರು ಓಡಿಸುತ್ತಾರೆ, ಊರಿನವರು ಕಲ್ಲು ಹಿಡಿಯುತ್ತಾರೆ. ಕೆಲವರು ಓಡುವಾಗಲೇ ಟ್ಯಾಪ್ ಬಿಡುತ್ತಾರೆ. ಅದು ತಪ್ಪು, ನಾನು ಸಮರ್ಥಿಸುವುದಿಲ್ಲ. ನಾನೂ ಬೈಕಿನಲ್ಲಿ ದಕ್ಕೆಗೆ (ಬೋಟಿನಿಂದ ಮೀನು ಇಳಿಸುವ ಜಾಗಕ್ಕೆ) ಹೋಗುವವನೇ. ನಮ್ಮವರದ್ದೇ ನೀರಿನ ಮೇಲೆ ಒಂದು ಸಲ ಬಿದ್ದಿದ್ದೇನೆ.

ಇಂಡಿಕೇಟರ್ ವಿಷಯ. ಆ ಡ್ರೈವರ್ ನಿಮಗೆ ಸೈಡ್ ಕೊಟ್ಟದ್ದಲ್ಲ ಅಣ್ಣ. ಮೇಲಿನ ಸೀಟಿನಿಂದ ಅವನಿಗೆ ಸ್ಕೂಟರ್ ನೂರು ಮೀಟರ್ ಮೊದಲೇ ಕಂಡಿರುತ್ತದೆ. ಲೋಡಿನಲ್ಲಿ ಬ್ರೇಕ್ ತುಳಿದರೆ ಬಾಕ್ಸು ಮುಂದೆ ಬರುತ್ತದೆ, ಹಿಂದೆ ಬಸ್. ಬಲಕ್ಕೆ ತೆಗೆಯುವುದೇ ದಾರಿ. ಹಿಂದೆ ಬಾಲ ಹಿಡಿದು ಬರುವ ಬೈಕ್ ನಮಗೆ ಕಾಣುವುದೇ ಇಲ್ಲ. ಬಿಸಿಲಿದ್ದರೆ ಪಕ್ಕದಲ್ಲಿ ನೆರಳು ಬೀಳುತ್ತದೆ, ಆಗ ಗೊತ್ತಾಗುತ್ತದೆ. ಮೋಡದ ದಿನ ಅದೂ ಇಲ್ಲ.

ಹಳೇ ಸಿಂಗಲ್ ರೋಡಿನ ಕಾಲದಲ್ಲಿ ಬಲದ ಇಂಡಿಕೇಟರ್ ಹಾಕಿ ಹಿಂದಿನವರಿಗೆ 'ಹೋಗಿ' ಅನ್ನುವವರೂ ಇದ್ದರು, 'ಬರಬೇಡಿ' ಅನ್ನುವವರೂ ಇದ್ದರು. ಅದನ್ನು ನಂಬಿ ಹೋದವರ ಕತೆ ನಮ್ಮ ಕಡೆ ಬೇಕಾದಷ್ಟು ಉಂಟು. ಇಂಡಿಕೇಟರ್ ನೋಡಬೇಡಿ, ಚಕ್ರ ನೋಡಿ.

ಲೋಡ್ ಆಯಿತು, ಹೊರಡುತ್ತೇನೆ.

---

ಕುಡ್ಲ ಬುಲೆಟ್ · ಸೋಮವಾರ, ಬೆಳಿಗ್ಗೆ 8:02

ಒಳ್ಳೆ ಮಾತು ಹೇಳಿದಿರಿ ಅಣ್ಣ. ಆದರೂ ನನ್ನ ಪ್ರಕಾರ ಬೈಕಿನವ ಇನ್ನೂ ಸ್ಪೀಡಾಗಿ ಇದ್ದಿದ್ದರೆ ಲಾರಿಯನ್ನು ಮೊದಲೇ ಪಾಸ್ ಮಾಡಿ ಹೋಗಿರುತ್ತಿದ್ದ. ಪವರ್ ಇದ್ದ ಗಾಡಿ ಸೇಫ್. ಎಕ್ಸ್‌ಪೀರಿಯನ್ಸ್ ಮಾತು.

---

ಮಣಿಪಾಲ ಮಾಷ್ಟ್ರು · ಸೋಮವಾರ, ಬೆಳಿಗ್ಗೆ 8:20

ಲಾರಿಯ ಮುಂದೆ ಹೋಗಿ ಯಾರನ್ನು ಭೇಟಿಯಾಗುತ್ತಿದ್ದರು? ಅದೇ ಸ್ಕೂಟರನ್ನು.

---

ಕಟಪಾಡಿ ಅಕ್ಕ · ಸೋಮವಾರ, ಮಧ್ಯಾಹ್ನ 2:30

ಎಲ್ಲರೂ ರಾಂಗ್ ಸೈಡಿನವರಿಗೆ ಬೈಯುತ್ತಿದ್ದೀರಿ. ನಾನು ರಾಂಗ್ ಸೈಡ್ ಹೋಗುವವಳು. ದಿನಾ. ಹೆಸರು ಹಾಕದೆ ಬರೆಯುತ್ತಿರುವುದರಿಂದ ಧೈರ್ಯವಾಗಿ ಹೇಳುತ್ತೇನೆ.

ನಾನು ಮದುವೆಯಾಗಿ ಬಂದಾಗ ನಮ್ಮ ಮನೆ ಎದುರು ರಸ್ತೆ ದಾಟಿದರೆ ಅಂಗಡಿ. ಹಾಲು ತರಲು ಎರಡು ನಿಮಿಷ. ರಸ್ತೆ ನಾಲ್ಕು ಲೇನ್ ಆಯಿತು, ನಡುವೆ ಡಿವೈಡರ್ ಬಂತು. ಅಂಗಡಿ ಅಲ್ಲೇ ಉಂಟು, ಇಲ್ಲಿಂದ ಕಾಣುತ್ತದೆ, ಅಂಗಡಿಯವರು ಕೈ ಬೀಸಿದರೆ ನಾನೂ ಬೀಸುತ್ತೇನೆ. ಆದರೆ ಸ್ಕೂಟರಿನಲ್ಲಿ ಸರಿಯಾದ ದಾರಿ ಹಿಡಿದು ಹೋಗಿ ಬರಲು ಮೂರು ಕಿಲೋಮೀಟರ್. ಆ ಯೂ ಟರ್ನ್ ಏನು ಸೇಫಾ? ಬಲದ ಲೇನಿಗೆ ಬಂದು ಗ್ಯಾಪಿನಲ್ಲಿ ನಿಂತರೆ ಹಿಂದಿನಿಂದ ಟ್ಯಾಂಕರ್, ಎದುರಿನಿಂದ ಬಸ್. ಅಲ್ಲಿ ನಿಂತಾಗ ಆಗುವ ಹೆದರಿಕೆ ನನಗೆ ರಾಂಗ್ ಸೈಡಿನಲ್ಲಿ ಇನ್ನೂರು ಮೀಟರ್ ಹೋಗುವಾಗ ಆಗುವುದಿಲ್ಲ. ಬದಿಯಲ್ಲೇ ಮೆಲ್ಲ ಹೋಗುತ್ತೇನೆ, ಎದುರಿನವರು ನನಗೆ ಕಾಣುತ್ತಾರೆ ಅಂತ ಧೈರ್ಯ.

ಲಾರಿ ಹಿಂದಿನವನಿಗೆ ನಾನು ಕಾಣುವುದಿಲ್ಲ ಅಂತ ಈ ಪೋಸ್ಟ್ ಓದುವವರೆಗೆ ತಲೆಗೆ ಹೋಗಿರಲಿಲ್ಲ. ನನಗೆ ಲಾರಿ ಕಾಣುತ್ತದೆ, ಲಾರಿಯವನಿಗೆ ನಾನು ಕಾಣುತ್ತೇನೆ, ಮುಗಿಯಿತು ಅಂದುಕೊಂಡಿದ್ದೆ. ಹಿಂದೆ ಒಬ್ಬ ಇರುತ್ತಾನೆ ಅಂತ ಯೋಚಿಸಿದ್ದೇ ಇಲ್ಲ.

---

ಕುಡ್ಲ ಬುಲೆಟ್ · ಸೋಮವಾರ, ಮಧ್ಯಾಹ್ನ 2:41

ಅಕ್ಕ, ಪೆಟ್ರೋಲ್ ಉಳಿಸಲು ಹೋಗಿ ಪ್ರಾಣ ಕೊಡುವುದಾ?

---

ಕಟಪಾಡಿ ಅಕ್ಕ · ಸೋಮವಾರ, ಮಧ್ಯಾಹ್ನ 2:55

ಪೆಟ್ರೋಲಿನ ಪ್ರಶ್ನೆ ಅಲ್ಲ ತಮ್ಮ. ಹನ್ನೆರಡೂವರೆಗೆ ಮಗಳ ಶಾಲೆ ಬಿಡುತ್ತದೆ, ಹನ್ನೆರಡೂ ಇಪ್ಪತ್ತರವರೆಗೆ ಒಲೆ ಮೇಲೆ ಅನ್ನ ಇರುತ್ತದೆ. ನಾಳೆಯಿಂದ ಸರಿಯಾಗಿ ಹೋಗುತ್ತೇನೆ ಅಂತ ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಮಗಳು ಹಿಂದೆ ಕೂತಾಗ ಮಾತ್ರ ಹೋಗುವುದಿಲ್ಲ. ಅಷ್ಟು ನಿಶ್ಚಯ ಮಾಡಿದ್ದೇನೆ.

---

ಪಡುಬಿದ್ರೆ ಪಯಣಿಗ · ಸೋಮವಾರ, ಸಂಜೆ 4:10

ಅಕ್ಕ ಹೇಳಿದ್ದು ನನ್ನ ಕಿವಿಗೂ ಚುಚ್ಚಿತು. ಹೆದ್ದಾರಿಯನ್ನು ದೂರ ಹೋಗುವವರಿಗೆ ಮಾಡಿದ್ದಾರೆ, ಬದಿಯಲ್ಲಿ ಬದುಕುವವರು ಇದ್ದಾರೆ ಅಂತ ಆಮೇಲೆ ನೆನಪಾದ ಹಾಗುಂಟು. ಸರ್ವಿಸ್ ರಸ್ತೆ ಇದ್ದಲ್ಲಿ ಒಂದು ಕಡೆ ಶುರು, ಅರ್ಧದಲ್ಲಿ ತೋಡು (ಹಳ್ಳ), ಅಲ್ಲಿಗೆ ಮುಗಿಯಿತು. ನಮ್ಮ ಪಡುಬಿದ್ರೆ ಪೇಟೆಯಲ್ಲಿ ನಾವು ಪಟ್ಟ ಪಾಡು ನಮಗೇ ಗೊತ್ತು.

ಗ್ರಾಮಸಭೆಯಲ್ಲಿ ಕೇಳಿ. ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನ್ ಮಾಡಿ ದೂರು ನಂಬರ್ ತೆಗೆದುಕೊಳ್ಳಿ. ಒಬ್ಬರ ದೂರಿಗೆ ಏನೂ ಆಗುವುದಿಲ್ಲ, ನೂರು ಜನ ಮಾಡಿದರೆ ಕಡೇ ಪಕ್ಷ ಯಾರಾದರೂ ಟೇಪ್ ಹಿಡಿದುಕೊಂಡು ಬಂದು ಅಳೆದು ಹೋಗುತ್ತಾರೆ.

ಅಷ್ಟರವರೆಗೆ ಸ್ಕೂಟರಿನಿಂದ ಇಳಿದು, ಬಿಳಿ ಗೆರೆಯಿಂದ ಆಚೆ ಮಣ್ಣಿನಲ್ಲಿ ತಳ್ಳಿಕೊಂಡು ಹೋಗಿ. ಇನ್ನೂರು ಮೀಟರ್ ಅಲ್ವಾ.

---

ಗ್ಯಾರೇಜ್ ಅಣ್ಣ, ಕಾಪು · ಸೋಮವಾರ, ರಾತ್ರಿ 8:45

ಎಲ್ಲರೂ ರಸ್ತೆ ಬಗ್ಗೆ ಹೇಳಿದಿರಿ. ನಾನು ಗಾಡಿ ಬಗ್ಗೆ ಹೇಳುತ್ತೇನೆ.

ಹಿಂದಿನ ಚಕ್ರ ಬಾಲ ಬೀಸಿದ್ದು ಯಾಕೆ? ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರ ಆಗುತ್ತದೆ. ಹಗುರ ಆದ ಚಕ್ರವನ್ನು ಜೋರಾಗಿ ತುಳಿದರೆ ಲಾಕ್. ನಿಲ್ಲಿಸುವ ಕೆಲಸ ಜಾಸ್ತಿ ಮಾಡುವುದು ಮುಂದಿನ ಬ್ರೇಕೇ. ನಮ್ಮ ಕಡೆ ಹಳಬರು 'ಮುಂದಿನ ಬ್ರೇಕ್ ಹಿಡಿದರೆ ಮಗುಚುತ್ತದೆ' ಅಂತ ಹೆದರಿಸಿ ಇಟ್ಟಿದ್ದಾರೆ. ಒಮ್ಮೆಲೇ ಕಚ್ಚಿ ಹಿಡಿದರೆ ಮಗುಚುತ್ತದೆ, ಹೌದು. ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಡಿಯಬೇಕು, ಮೊದಲು ಮೆಲ್ಲ, ಆಮೇಲೆ ಬಿಗಿ.

2019ರ ಏಪ್ರಿಲ್ ನಂತರದ 125 ಸಿಸಿ ಮೇಲಿನ ಹೊಸ ಗಾಡಿಗೆಲ್ಲ ಎಬಿಎಸ್ ಇರಲೇಬೇಕು. 125ರ ಒಳಗಿನದ್ದಕ್ಕೆ ಆಗ ಸಿಬಿಎಸ್ ಆದರೂ ಸಾಕಿತ್ತು, ಅಂದರೆ ಒಂದು ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚಿಹೋಗುತ್ತದೆ. ನಿಮ್ಮದು ಸಿಂಗಲ್ ಚಾನೆಲ್, ಹಿಂದೆ ಕಾವಲು ಇಲ್ಲ. ಎಬಿಎಸ್ ಇದ್ದರೆ ಬೇಗ ನಿಲ್ಲುತ್ತದೆ ಅಂತ ತುಂಬ ಜನರ ನಂಬಿಕೆ. ಎಲ್ಲ ನೆಲದಲ್ಲೂ ಬೇಗ ನಿಲ್ಲುತ್ತದೆ ಅನ್ನಲಾಗದು, ಚಕ್ರ ತಿರುಗುತ್ತಾ ಇರುವುದರಿಂದ ಹ್ಯಾಂಡಲ್ ನಿಮ್ಮ ಮಾತು ಕೇಳುತ್ತದೆ, ಅಷ್ಟೇ. ಆ ಅಷ್ಟೇ ನಿಮ್ಮನ್ನು ಉಳಿಸಿದ್ದು.

ಇನ್ನು ನಮ್ಮ ಕರಾವಳಿಯ ರೋಗ, ಉಪ್ಪು ಗಾಳಿ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಜಾಮ್ ಆಗುತ್ತದೆ. ಪ್ಯಾಡ್ ಒಂದೇ ಕಡೆ ಸವೆದು, ಇನ್ನೊಂದು ಹೊಸದರ ಹಾಗೆ ಉಳಿದ ಗಾಡಿ ವಾರಕ್ಕೆ ಎರಡು ಬರುತ್ತದೆ ನನ್ನಲ್ಲಿಗೆ. ಬ್ರೇಕ್ ಹಿಡಿಯುತ್ತದೆ ಅಂತ ಓಡಿಸುತ್ತಲೇ ಇರುತ್ತಾರೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ಕ್ಲೀನ್ ಮಾಡಿ ಗ್ರೀಸ್ ಹಾಕಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಟೈರಿನ ಗೀರು ಚೆನ್ನಾಗಿದ್ದರೂ ಹಳೆಯದಾದರೆ ರಬ್ಬರ್ ಗಟ್ಟಿಯಾಗಿರುತ್ತದೆ. ಉಗುರಿನಲ್ಲಿ ಒತ್ತಿ ನೋಡಿ, ಕಲ್ಲಿನ ಹಾಗಿದ್ದರೆ ಬದಲಾಯಿಸಿ.

ಬೈಕ್ ತನ್ನಿ, ನೋಡುತ್ತೇನೆ. ಚಹಾ ನಿಮ್ಮದು.

---

ನಾನ್‌ಸ್ಟಾಪ್ · ಮಂಗಳವಾರ, ರಾತ್ರಿ 10:15

ಇಪ್ಪತ್ತು ವರ್ಷ ಇದೇ ರೂಟಿನಲ್ಲಿ ಕಂಡಕ್ಟರ್ ಆಗಿದ್ದೆ, ಈಗ ಮನೆಯಲ್ಲಿದ್ದೇನೆ. ಬಸ್ಸಿನವರ ಬಗ್ಗೆ ಯಾರೂ ಬೈಯದ ಮೊದಲ ಚರ್ಚೆ ಇದು, ಹಾಗಾಗಿ ಬರೆಯಲು ಮನಸ್ಸಾಯಿತು.

ಆ ಡ್ರೈವರ್ ಹಾರ್ನ್ ಹೊಡೆದದ್ದು ನಿಮ್ಮನ್ನು ಓಡಿಸಲಿಕ್ಕೇ ಇರಬಹುದು. ಟೈಮಿಂಗ್ ಅಂದರೆ ನಮಗೆ ನಿಮಿಷದ ಲೆಕ್ಕ, ಹಿಂದಿನ ಬಸ್ಸಿನವ ಮುಂದೆ ಬಂದರೆ ಜಗಳ. ಆದರೆ ನಿಂತನಲ್ಲ, ಅದು ಅಭ್ಯಾಸ. ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ಹೋಗುವವನಿಗೆ ಯಾವ ಹೊತ್ತಿಗೆ ಯಾವ ಗ್ಯಾಪಿನಲ್ಲಿ ಯಾರು ಬರುತ್ತಾರೆ ಅಂತ ಗೊತ್ತಿರುತ್ತದೆ. ಎಂಟಕ್ಕೆ ಶಾಲೆ ಮಕ್ಕಳ ರಿಕ್ಷಾ, ಹನ್ನೊಂದಕ್ಕೆ ಮಲ್ಲಿಗೆಯವರು. ಲಾರಿ ಎಡ ಬಿಟ್ಟಿತು ಅಂದಕೂಡಲೇ ಅವನ ಕಾಲು ಬ್ರೇಕಿಗೆ ಹೋಗಿರುತ್ತದೆ. ನೀವು ಬ್ರೇಕ್ ಹಿಡಿಯುವ ಮೊದಲೇ ಹೋಗಿರುತ್ತದೆ ಅಂತ ನಾನು ಬೆಟ್ ಕಟ್ಟುತ್ತೇನೆ. ಇಲ್ಲದಿದ್ದರೆ ಅಷ್ಟು ದೊಡ್ಡ ಗಾಡಿ ನಿಮ್ಮ ಹಿಂದೆ ನಿಲ್ಲುತ್ತಿರಲಿಲ್ಲ.

ಹೂವಿನ ಚೀಲದ ವಿಷಯ ನನಗೆ ಅಂದಾಜು ಆಯಿತು. ಹೇಳುವುದಿಲ್ಲ. ನೀವೇ ಆ ಹೂವಿನವರನ್ನು ಕೇಳಿ ಬರೆಯಿರಿ.

---

ಅಂಬಲಪಾಡಿ ರೈಡರ್ · ಗುರುವಾರ, ರಾತ್ರಿ 9:30

ಹೂವಿನವರು ಇವತ್ತು ಫೋನ್ ಮಾಡಿದ್ದರು. ಆ ದಿನ ನನ್ನ ನಂಬರ್ ತೆಗೆದುಕೊಂಡಿದ್ದರಂತೆ, ನನಗೆ ಕೊಟ್ಟ ನೆನಪೂ ಇಲ್ಲ.

ಪಾಂಗಾಳದ ಕಡೆಯವರು. ಮನೆಯಲ್ಲಿ ಒಂದಷ್ಟು ಮಲ್ಲಿಗೆ ಗಿಡ, ಪಕ್ಕದ ಎರಡು ಮನೆಯವರದ್ದೂ ಸೇರಿಸಿ ಕಟ್ಟಿ ತರುತ್ತಾರೆ. ಆ ದಿನ ಚೀಲದಲ್ಲಿದ್ದದ್ದು ಎರಡು ಅಟ್ಟೆ. (ದೂರದವರಿಗೆ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಆರು ಸಾವಿರದ ನಾನೂರು ಹೂವು, ಮಳೆಯಲ್ಲಿ ಒಂದೊಂದಾಗಿ ಕೊಯ್ದದ್ದು.) ಮಳೆಗಾಲದಲ್ಲಿ ಹೂ ಕಮ್ಮಿ, ಶ್ರಾವಣದ ಪೂಜೆಗೆ ರೇಟ್ ಜಾಸ್ತಿ. ಸಂಜೆಗೆ ಮೊಗ್ಗು ಅರಳಿದರೆ ಕೇಳುವವರಿಲ್ಲ.

ದಿನಾ ಕಟಪಾಡಿಯಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ಸಿಗೆ ಚೀಲ ಕೊಡುವುದಂತೆ. ಆ ದಿನ ಕಟ್ಟುವುದು ತಡವಾಯಿತು. ಬಸ್ ಕಟಪಾಡಿ ಬಿಡುವ ಮೊದಲು ಮುಟ್ಟಬೇಕು ಅಂತ ರಾಂಗ್ ಸೈಡಿನಲ್ಲಿ ಹೊರಟರು. ಅವರು ಹಿಡಿಯಬೇಕಿದ್ದ ಬಸ್ ಯಾವುದು ಹೇಳಿ. ನನ್ನ ಹಿಂದೆ ಹಾರ್ನ್ ಹೊಡೆಯುತ್ತಿದ್ದದ್ದು! ಕಟಪಾಡಿ ಬಿಟ್ಟು ಎದುರಿಗೇ ಬರುತ್ತಿತ್ತು. ಕಂಡಕ್ಟರಿಗೆ ಅವರ ಮುಖ ಗೊತ್ತು, ಚೀಲ ಗೊತ್ತು. ಅದಕ್ಕೇ ಮಾತಿಲ್ಲದೆ ಎತ್ತಿಕೊಂಡು ಹೋದದ್ದು. ಮೂರು ಚೆಂಡು ಕೆಸರಾಗಿ ಹೋಯಿತಂತೆ, ಉಳಿದದ್ದು ಹೊತ್ತಿಗೆ ಸರಿಯಾಗಿ ಮಂಗಳೂರು ಮುಟ್ಟಿತು.

'ತಪ್ಪು ನನ್ನದೇ ಸರ್, ನಿಮ್ಮ ಗಾಡಿಗೆ ಏನಾದರೂ ಖರ್ಚಿದ್ದರೆ ಹೇಳಿ' ಅಂದರು. ಖರ್ಚು ಏನೂ ಇಲ್ಲ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವರು ಸೀಮಂತ ಹೇಗಾಯಿತು ಅಂತ ಕೇಳಿದರು. ಅದನ್ನೂ ಹೇಳಿದ್ದೆ ಅಂತ ಕಾಣುತ್ತದೆ.

ಈಗ ಕಟಪಾಡಿಗೆ ಹೇಗೆ ಹೋಗುತ್ತೀರಿ ಅಂತ ಕೇಳಿದೆ. 'ಎರಡು ದಿನ ಸುತ್ತು ಹಾಕಿ ಹೋದೆ' ಅಂದರು. ಮೂರನೇ ದಿನದ ವಿಷಯ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಗ್ಯಾರೇಜ್ ಅಣ್ಣನಲ್ಲಿಗೆ ಹೋಗಿದ್ದೆ. ಕ್ಯಾಲಿಪರ್ ಪಿನ್ ಒಂದು ಜಾಮ್ ಆಗಿತ್ತು. ಹಿಂದಿನ ಟೈರ್ ಅವರು ಹೇಳಿದ ಹಾಗೇ ಕಲ್ಲು. ಬದಲಾಯಿಸಿದೆ. ಚಹಾಕ್ಕೆ ಅವರೇ ದುಡ್ಡು ಕೊಟ್ಟರು.

---

ನಾನ್‌ಸ್ಟಾಪ್ · ಗುರುವಾರ, ರಾತ್ರಿ 9:50

ನಾನು ಹೇಳಲಿಲ್ಲವಾ? ಬಸ್ ಅವರನ್ನೇ ಹುಡುಕಿಕೊಂಡು ಬಂತು ನೋಡಿ.

---

ಕಟಪಾಡಿ ಅಕ್ಕ · ಗುರುವಾರ, ರಾತ್ರಿ 10:02

ಅಂಗಿ ಏನಾಯಿತು?

---

ಅಂಬಲಪಾಡಿ ರೈಡರ್ · ಗುರುವಾರ, ರಾತ್ರಿ 10:06

ಮೂರು ಸಲ ಒಗೆದಾಯಿತು ಅಕ್ಕ. ಮೀನಿನ ವಾಸನೆ ಇಲ್ಲ, ಕೆಂಪು ಮಣ್ಣಿನ ಕಲೆ ಹಾಗೇ ಉಂಟು.

---

ಕಟಪಾಡಿ ಅಕ್ಕ · ಗುರುವಾರ, ರಾತ್ರಿ 10:15

ಲಿಂಬೆಹುಳಿ ಹಿಂಡಿ ಬಿಸಿಲಿಗೆ ಹಾಕಿ ನೋಡಿ. ಬಿಸಿಲು ಬಂದರೆ.